ನೆವಿಲ್‌ನ ಎಂಜಿನ್ನಿನ ಕೊಳೆ

ಕ್ಲಿಫರ್ಡ್ ಸೈಕ್ಸ್‌ನ ಕೈಗೆ ಸಿಕ್ಕಿದ ಲೋಹದ ಸಾಮಾನು ಕೊಳೆಯಾಗಿಯೇ ಉಳಿದ ಉದಾಹರಣೆ ಆ ಕಣಿವೆಯ ಊರಿನಲ್ಲಿ ಇರಲಿಲ್ಲ. ಹ್ಯಾಲಿಫ್ಯಾಕ್ಸಿನ ಕ್ರೋಮ್ ಲೇಪದ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಬಂಪರು, ನಲ್ಲಿ, ಬಾಗಿಲ ಹಿಡಿಕೆಗಳನ್ನು ಹೊಳೆಸಿ ನಿವೃತ್ತನಾದವನು. ಮನೆಗೆ ಬಂದು ಕೂತ ಮೇಲೂ ಆ ಚಟ ಬಿಡಲಿಲ್ಲ. ಊರಿನ ಮಾದರಿ ವಿಮಾನ ಸಂಘದಲ್ಲಿ ಇಪ್ಪತ್ತಾರು ಜನ ಸದಸ್ಯರಿದ್ದರು. ಅವರಲ್ಲಿ ಯಾರ ಎಂಜಿನ್ನಿಗೆ ತುಕ್ಕು ಹಿಡಿದರೂ, ಅಲ್ಯುಮಿನಿಯಂ ಮೇಲೆ ಬಿಳಿ ಬೂಷ್ಟು ಎದ್ದರೂ, ಸುಟ್ಟ ಹರಳೆಣ್ಣೆ ಕಂದುಗಟ್ಟಿ ಕೂತರೂ ಅದು ಕ್ಲಿಫರ್ಡನ ಶೆಡ್ಡಿಗೆ ಹೋಗುತ್ತಿತ್ತು. ವಾರದೊಳಗೆ ಅಂಗಡಿಯಿಂದ ಈಗಷ್ಟೇ ತಂದ ಹಾಗೆ ವಾಪಸು ಬರುತ್ತಿತ್ತು. ಇದಕ್ಕೆ ಪ್ರತಿಯಾಗಿ ಅವನಿಗೆ ಬೇಕಾಗಿದ್ದುದು ಹೊಗಳಿಕೆ ಮಾತ್ರ. ಅದನ್ನೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ, ಎದುರಿಗೆ ನಿಂತು ಕಾಯುತ್ತಿದ್ದ.

ಅವನ ವಿದ್ಯೆಯ ಗುಟ್ಟು ಅಂಥ ದೊಡ್ಡದೇನಲ್ಲ. ಕೋಳಿಮೊಟ್ಟೆಗಿಂತ ಚೂರು ದೊಡ್ಡದಿರುವ ಎಂಜಿನ್ನನ್ನು ಪೂರ್ತಿ ಬಿಚ್ಚಿ, ಕಾರಿನ ರೇಡಿಯೇಟರಿಗೆ ಹಾಕುವ ಹಸಿರು ಕೂಲೆಂಟಿನಲ್ಲಿ ಮುಳುಗಿಸಿ, ಕರೆಂಟಿನ ಪಾತ್ರೆಯಲ್ಲಿ ಸಣ್ಣ ಕಾವಿನಲ್ಲಿ ಇಡೀ ದಿನ ಬೇಯಿಸುವುದು. ಪಾತ್ರೆ ಮೊದಲು ಅವನ ಹೆಂಡತಿ ಐರೀನಳದ್ದಾಗಿತ್ತು. ಎಂಟು ವರ್ಷದ ಹಿಂದೆ ಅವಳು ತಂಗಿಯ ಮನೆಯಿಂದ ಬಂದು ಮುಚ್ಚಳ ತೆಗೆದರೆ, ಕುರಿಮಾಂಸ ಬೇಯಬೇಕಾದ ಕಡೆ ಹಸಿರು ನೀರು, ಅದರ ತಳದಲ್ಲಿ ಮೂರು ಎಂಜಿನ್ನು.

"ಇದು ವಿಷ ತಾನೇ?" ಎಂದಳು ಐರೀನ್.

"ತೊಳೆದ್ರೆ ಹೋಗುತ್ತೆ," ಎಂದ ಕ್ಲಿಫರ್ಡ್.

"ಹಾಗಾದ್ರೆ ಮೊದಲನೇ ಊಟ ನೀನೇ ಮಾಡು. ನಾನು ಎದುರಿಗೆ ಕೂತು ನೋಡ್ತೀನಿ."

ಪಾತ್ರೆ ಅವತ್ತೇ ಶೆಡ್ಡಿಗೆ ಹೋಯಿತು. ಅದರ ಮೇಲೆ ಕೆಂಪು ಬಣ್ಣದಲ್ಲಿ 'ವಿಷ' ಎಂದು ಬರೆದದ್ದು ಐರೀನಳೇ.

ಇಡೀ ಸಂಘದಲ್ಲಿ ಕ್ಲಿಫರ್ಡನಿಗೆ ಎಂಜಿನ್ ಮುಟ್ಟಲು ಬಿಡದವನು ಒಬ್ಬನೇ, ನೆವಿಲ್ ವೊಮರ್ಸ್ಲಿ. ಅವನು ಕ್ಲಿಫರ್ಡನ ಆಪ್ತ ಗೆಳೆಯನೂ ಹೌದು. ಅರವತ್ತಾರನೇ ಇಸವಿಯ ಒಂದು ಶನಿವಾರ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗಿ, ಒಂದೇ ಅಂಗಡಿಯಲ್ಲಿ, ಒಂದೇ ಬಗೆಯ 'ವಾರ್ಲೋ' ಡೀಸೆಲ್ ಎಂಜಿನ್ ಕೊಂಡಿದ್ದರು. ಡಬ್ಬಿಗಳ ಮೇಲಿನ ನಂಬರುಗಳು ಕೂಡ ಒಂದರ ಹಿಂದೆ ಒಂದು. ಅಲ್ಲಿಂದ ಮುಂದೆ ಎರಡರ ಹಣೆಬರಹ ಬೇರೆಯಾಯಿತು. ಕ್ಲಿಫರ್ಡ್ ತನ್ನದನ್ನು ಡಬ್ಬಿಯ ಚೀಟಿಯಲ್ಲಿ ಬರೆದಿದ್ದಂತೆ ಅಚ್ಚುಕಟ್ಟಾಗಿ ಅರ್ಧ ಗಂಟೆ ಓಡಿಸಿ ಪಳಗಿಸಿದ, ಒರೆಸಿದ, ಗಾಜಿನ ಕಪಾಟಿನಲ್ಲಿಟ್ಟ. ಆಮೇಲೆ ಅದು ಓಡಲೇ ಇಲ್ಲ. ಪ್ರದರ್ಶನಗಳಿಗೆ ಹೋಗಿ ರಿಬ್ಬನ್ ಗೆದ್ದು ಬರುತ್ತಿತ್ತು ಅಷ್ಟೆ. ನೆವಿಲ್ ತನ್ನದನ್ನು ಮಾರನೆಯ ದಿನವೇ ವಿಮಾನಕ್ಕೆ ಬಿಗಿದ. ಅರವತ್ತೊಂಬತ್ತರಲ್ಲಿ ಉತ್ತರದ ಜಿಲ್ಲೆಗಳ ಪಂದ್ಯದ ಕಪ್ಪು ಗೆದ್ದ. ಅದೇ ಪಂದ್ಯದಲ್ಲಿ ಕ್ಲಿಫರ್ಡ್ ಹಳೆಯದೊಂದು ಎಂಜಿನ್ ಕಟ್ಟಿಕೊಂಡು ಹಾರಿಸಿ ಮೂರನೆಯವನಾದ. ಹೊಸ ವಾರ್ಲೋ ಯಾಕೆ ತರಲಿಲ್ಲ ಎಂದು ಯಾರೋ ಕೇಳಿದ್ದಕ್ಕೆ ಅವನು ಕೊಟ್ಟ ಉತ್ತರ, "ಮಣ್ಣಾಗುತ್ತೆ." ಅಂಥ ಮನುಷ್ಯ.

ನೆವಿಲ್‌ನ ಎಂಜಿನ್ನಿನ ಬಣ್ಣ ಐವತ್ತು ವರ್ಷದಲ್ಲಿ ಏನಾಗಿತ್ತೆಂದರೆ, ಅದು ಅಲ್ಯುಮಿನಿಯಂ ಎಂದು ಹೇಳಿದರೆ ನಂಬುವ ಹಾಗಿರಲಿಲ್ಲ. ಈ ಎಂಜಿನ್ನುಗಳ ಇಂಧನ ಈಥರ್, ಸೀಮೆಎಣ್ಣೆ, ಹರಳೆಣ್ಣೆ ಬೆರೆಸಿದ್ದು. ಹರಳೆಣ್ಣೆ ಕಾದ ಲೋಹದ ಮೇಲೆ ಸುಟ್ಟು ಸುಟ್ಟು ಮೆರುಗೆಣ್ಣೆಯ ಹಾಗೆ ಗಟ್ಟಿಯಾಗುತ್ತದೆ. ಮೊದಲು ಜೇನಿನ ಬಣ್ಣ, ಆಮೇಲೆ ಕಂದು, ಕೊನೆಗೆ ಕಪ್ಪು. ನೆವಿಲ್‌ನದು ಮೂರನ್ನೂ ದಾಟಿತ್ತು. ಸಾಲದ್ದಕ್ಕೆ ಹೊರಗಿನ ಸ್ಕ್ರೂಗಳಿಗೆಲ್ಲ ತುಕ್ಕು. ಪ್ರತಿ ಭಾನುವಾರ ಮೈದಾನದಲ್ಲಿ ಒಂದೇ ಜಗಳ.

"ಒಂದು ದಿನ ಕೊಡೋ. ಒಂದೇ ದಿನ."

"ಮುಟ್ಟಿದ್ರೆ ಕೈ ಮುರೀತೀನಿ. ಆ ಕೊಳೆಯಿಂದಲೇ ಅದು ನಿಂತಿರೋದು."

"ಸೋಮಾರಿತನಕ್ಕೆ ಒಳ್ಳೆ ಹೆಸರು."

"ನಿಂದು ಹೊಳೆಯುತ್ತೆ, ನಂದು ಹಾರುತ್ತೆ. ಇಬ್ಬರಿಗೂ ಒಂದೊಂದು ಸಿಕ್ಕಿದೆಯಲ್ಲ, ಸುಮ್ನಿರು."

ಕೇಳುವವರಿಗೆ ಇದು ತಮಾಷೆ. ಕ್ಲಿಫರ್ಡನಿಗೆ ಅಲ್ಲ. ಅವನ ಮಟ್ಟಿಗೆ ಆ ಎಂಜಿನ್ನು ಐವತ್ತು ವರ್ಷ ಕಣ್ಣೆದುರಿಗೇ ನಡೆದ ಅವಮಾನ.

ಈ ವರ್ಷ ಏಪ್ರಿಲ್‌ನಲ್ಲಿ ನೆವಿಲ್‌ಗೆ ತಲೆ ಸುತ್ತಲು ಶುರುವಾಯಿತು. ಕಿವಿಯೊಳಗಿನ ತೊಂದರೆ ಎಂದರು ಡಾಕ್ಟರು. ಎಪ್ಪತ್ತೇಳು ವರ್ಷದವನಿಗೆ ಕಿವಿಯ ತೊಂದರೆ ಬಂದರೆ ಹೆಚ್ಚಿನವರು ಟಿವಿಯ ಸದ್ದು ಜಾಸ್ತಿ ಮಾಡಿಕೊಂಡು ಇದ್ದುಬಿಡಬಹುದು. ಆದರೆ ನೆವಿಲ್ ಹಾರಿಸುವುದು ತಂತಿಯ ವಿಮಾನ. ಇಪ್ಪತ್ತು ಗಜ ಉದ್ದದ ಎರಡು ಉಕ್ಕಿನ ತಂತಿಗಳ ತುದಿಯಲ್ಲಿ ವಿಮಾನ ಸುತ್ತುತ್ತಿರುತ್ತದೆ, ನಡುವೆ ನಿಂತವನು ಹಿಡಿಕೆ ಹಿಡಿದು ಅದರ ಜೊತೆಗೇ ತಾನೂ ಗಿರಗಿರ ತಿರುಗುತ್ತಿರಬೇಕು. ತಲೆ ಸುತ್ತುವವನ ಕೆಲಸವಲ್ಲ ಅದು. ಡಾಕ್ಟರು ಬೇಡವೆಂದರು. ನೆವಿಲ್ ಚೌಕಾಸಿ ಮಾಡಿ, ಮೇ ತಿಂಗಳ ಕೊನೆಯ ಭಾನುವಾರ ಸಂಘದ ಹಾರಾಟದ ದಿನ ಒಂದೇ ಒಂದು ಸಲ, ನಾಲ್ಕು ನಿಮಿಷ, ಆಮೇಲೆ ಶಾಶ್ವತವಾಗಿ ನಿಲ್ಲಿಸುತ್ತೇನೆ ಎಂದು ಒಪ್ಪಿಸಿದ. ಅವನ ಹೆಂಡತಿ ಬ್ರೆಂಡಾ ಒಂದು ಷರತ್ತು ಹಾಕಿದಳು: ಹಾರಿಸುವಾಗ ಯಾರಾದರೂ ಹಿಂದೆ ನಿಂತು ಅವನ ಬೆಲ್ಟು ಹಿಡಿದುಕೊಂಡಿರಬೇಕು. ಯಾರಾದರೂ ಎಂದರೆ ಕ್ಲಿಫರ್ಡ್ ಎಂದೇ ಎಲ್ಲರಿಗೂ ಅರ್ಥವಾಯಿತು.

ಅದಕ್ಕೆ ಒಂದು ವಾರ ಮೊದಲು ನೆವಿಲ್‌ನನ್ನು ಪರೀಕ್ಷೆಗೆಂದು ನಾಲ್ಕು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಸೋಮವಾರ ಬೆಳಿಗ್ಗೆ ಬ್ರೆಂಡಾ ಬಿಸ್ಕತ್ತಿನ ಡಬ್ಬಿ ಹಿಡಿದುಕೊಂಡು ಕ್ಲಿಫರ್ಡನ ಶೆಡ್ಡಿನ ಬಾಗಿಲಿಗೆ ಬಂದಳು. ಡಬ್ಬಿಯಲ್ಲಿ ಬಿಸ್ಕತ್ತಿರಲಿಲ್ಲ.

"ಕೊನೇ ಸಲ ಹಾರಿಸ್ತಾನೆ. ಎಲ್ರೂ ಬರ್ತಾರೆ, ಫೋಟೋ ತೆಗೀತಾರೆ," ಎಂದಳು. "ಈ ಕರಿ ಮುದ್ದೆ ಇಟ್ಕೊಂಡು ನಿಲ್ಲೋದು ಬೇಡ. ಹೊಸದರ ಹಾಗೆ ಮಾಡಿಕೊಡು ಕ್ಲಿಫರ್ಡ್. ಮನೆಗೆ ಬಂದವನು ನೋಡಿ ಬೆರಗಾಗ್ಬೇಕು."

"ಅವನು ಒಪ್ಪಲ್ಲ ಬ್ರೆಂಡಾ. ನಿಂಗೊತ್ತು."

"ಅವನನ್ನ ಯಾರು ಕೇಳ್ತಿದಾರೆ? ಅವನ ಪ್ಯಾಂಟು ಒಗೆಯೋಕೆ ನಾನು ಯಾವತ್ತಾದ್ರೂ ಅವನನ್ನ ಕೇಳಿದೀನಾ?"

ಕ್ಲಿಫರ್ಡ್ ಬೇಡ ಎನ್ನಬಹುದಿತ್ತು. ಎನ್ನಬೇಕಾಗಿತ್ತು. ಅವನ ಬಾಯಿ ಬೇಡ ಅನ್ನುವ ಆಕಾರಕ್ಕೆ ಬಂದದ್ದೂ ನಿಜ. ಆದರೆ ಕೈ ಆಗಲೇ ಡಬ್ಬಿಯನ್ನು ತೆಗೆದುಕೊಂಡುಬಿಟ್ಟಿತ್ತು.

ಆ ಎರಡು ದಿನ ಅವನಿಗೆ ಹಬ್ಬ. ಐರೀನ್ ಚಹಾ ತಂದಿಟ್ಟರೆ ತಣ್ಣಗಾಗುವವರೆಗೂ ನೋಡಲಿಲ್ಲ. ಮೊದಲು ಸ್ಕ್ರೂಗಳಿಗೆ ಎಣ್ಣೆ ಬಿಟ್ಟು, ಬಿಸಿ ಮಾಡಿ, ಒಂದೊಂದನ್ನೇ ನೋವಾಗದ ಹಾಗೆ ಬಿಚ್ಚಿದ. ಉಕ್ಕಿನವನ್ನು ಬೇರೆ ಮಾಡಿ ವಿನೆಗರ್ ಇದ್ದ ಜಾಡಿಗೆ ಹಾಕಿದ. ಅಲ್ಯುಮಿನಿಯಮ್ಮನ್ನು ಅದರ ಹತ್ತಿರಕ್ಕೂ ಸೇರಿಸಲಿಲ್ಲ. ಅದನ್ನು ಕೂಲೆಂಟಿನ ಪಾತ್ರೆಗೆ ಹಾಕಿ ಮುಚ್ಚಳ ಮುಚ್ಚಿದ. ಮಧ್ಯಾಹ್ನದ ಹೊತ್ತಿಗೆ ಹಸಿರು ನೀರು ಚಹಾದ ಬಣ್ಣಕ್ಕೆ ತಿರುಗಿತ್ತು, ಸಂಜೆಗೆ ಕಾಫಿಯ ಬಣ್ಣ. ಮಂಗಳವಾರ ಬೆಳಿಗ್ಗೆ ಇಕ್ಕಳದಲ್ಲಿ ಎತ್ತಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ನಾಲ್ಕು ಸಲ ಉಜ್ಜಿದ್ದೇ ತಡ, ಕಪ್ಪು ಸಿಪ್ಪೆ ಸಿಪ್ಪೆಯಾಗಿ ಎದ್ದುಬಂತು. ಕೆಳಗೆ ಅರವತ್ತಾರನೇ ಇಸವಿಯ ಆ ಶನಿವಾರದ ಬೆಳ್ಳಿ ಬಣ್ಣ. ಪಕ್ಕದಲ್ಲಿ ಅಚ್ಚೊತ್ತಿದ್ದ 'ವಾರ್ಲೋ' ಎಂಬ ಅಕ್ಷರಗಳು ಕೂಡ ಕಂಡವು. ಅವನ್ನು ಕೊನೆಯ ಸಲ ಯಾರು ಯಾವಾಗ ನೋಡಿದ್ದರೋ. ಕ್ಲಿಫರ್ಡನ ಕಣ್ಣಲ್ಲಿ ನೀರು ಬಂತು, ನಾಚಿಕೆಯಿಲ್ಲದೆ.

ಅಲ್ಲಿಗೇ ನಿಲ್ಲಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಹೊರಗೆ ತೊಳೆದು ಒಳಗೆ ಬಿಡುವುದು ಅವನ ಲೆಕ್ಕದಲ್ಲಿ ತೊಳೆದದ್ದೇ ಅಲ್ಲ. ಸಿಲಿಂಡರಿನ ಒಳಗೋಡೆಯ ಮೇಲೆ ಕಂದು ಪದರ, ಪಿಸ್ಟನ್ನಿನ ಮೈಗೂ ಅದೇ ಪದರ. ಎರಡನ್ನೂ ಪಾತ್ರೆಗೆ ಹಾಕಿದ. ಬೆಂದ ಮೇಲೆ ಮರದ ಕಡ್ಡಿಗೆ ಬಟ್ಟೆ ಸುತ್ತಿ, ಪಾಲಿಷ್ ಹಚ್ಚಿ, ಕನ್ನಡಿಯಾಗುವವರೆಗೆ ತಿಕ್ಕಿದ.

ಬುಧವಾರ ಮಧ್ಯಾಹ್ನ ಜೋಡಿಸಲು ಕೂತ. ಸಿಲಿಂಡರಿಗೆ ಒಂದು ಹನಿ ಎಣ್ಣೆ ಬಿಟ್ಟು, ಪಿಸ್ಟನ್ ಏರಿಸಿ, ಅಭ್ಯಾಸಬಲದಿಂದ ತಲೆಕೆಳಗು ಮಾಡಿದ. ಒಳ್ಳೆಯ ಪಿಸ್ಟನ್ ಹಾಗೆ ಮಾಡಿದರೆ ಅಲ್ಲಾಡುವುದಿಲ್ಲ, ಬೆರಳಿನಿಂದ ನೂಕಬೇಕು. ಇದು ತನ್ನಷ್ಟಕ್ಕೆ ಜಾರಿ ಅವನ ಅಂಗೈಗೆ ಬಿತ್ತು.

ಕ್ಲಿಫರ್ಡ್ ಅದನ್ನೇ ನೋಡುತ್ತ ಕೂತ. ಇನ್ನೊಂದು ಸಲ ಹಾಕಿದ. ಇನ್ನೊಂದು ಸಲ ಬಿತ್ತು.

ಆ ಎಂಜಿನ್ನಿಗೆ ಪ್ಲಗ್ಗಿಲ್ಲ, ಕಿಡಿಯಿಲ್ಲ. ಪಿಸ್ಟನ್ ಗಾಳಿಯನ್ನು ಒತ್ತಿ ಒತ್ತಿ ಬಿಸಿ ಮಾಡಬೇಕು, ಆ ಬಿಸಿಗೇ ಇಂಧನ ಹೊತ್ತಿಕೊಳ್ಳಬೇಕು. ಒತ್ತಡ ಸೋರಿಹೋದರೆ ಎಂಜಿನ್ನು ಬರಿಯ ಲೋಹದ ಗುಂಡು. ನೆವಿಲ್‌ನ ಸಿಲಿಂಡರು ಯಾವ ಕಾಲದಲ್ಲೋ ಸವೆದುಹೋಗಿತ್ತು. ಸವೆದ ಜಾಗವನ್ನು ಹರಳೆಣ್ಣೆಯ ಕಂದು ಪದರ ತುಂಬಿಕೊಂಡು ಇಷ್ಟು ವರ್ಷ ಗಾಳಿಯನ್ನು ಹಿಡಿದಿಟ್ಟಿತ್ತು. ಆ ಪದರ ಈಗ ಪಾತ್ರೆಯ ತಳದಲ್ಲಿತ್ತು. ಕೊಳೆಯಿಂದಲೇ ನಿಂತಿದೆ ಎಂದು ನೆವಿಲ್ ಹೇಳುತ್ತಿದ್ದದ್ದು ತಮಾಷೆಯಾಗಿರಲಿಲ್ಲ, ಅಕ್ಷರಶಃ ನಿಜ. ಲೋಹದ ಬಗ್ಗೆ ಎಲ್ಲ ಗೊತ್ತೆಂದು ಮೆರೆಯುತ್ತಿದ್ದವನಿಗೆ ಅದೊಂದು ಹೊಳೆಯಲಿಲ್ಲ. ಯಾಕೆಂದರೆ ಸವೆಯುವವರೆಗೆ ಯಾವ ಎಂಜಿನ್ನನ್ನೂ ಅವನು ಓಡಿಸಿಯೇ ಇರಲಿಲ್ಲ.

ಗುರುವಾರವೆಲ್ಲ ಗುದ್ದಾಡಿದ. ಗಟ್ಟಿ ಹರಳೆಣ್ಣೆ ಹಾಕಿದ. ತಣ್ಣಗಿದ್ದಾಗ ನಾಲ್ಕು ಸಲ ಗುಟುರು ಹಾಕಿ, ಬಿಸಿಯಾದ ಕೂಡಲೇ ಉಸಿರು ಬಿಟ್ಟಿತು. ಹೊಸ ಪಿಸ್ಟನ್ ತರೋಣವೆಂದರೆ ವಾರ್ಲೋ ಕಂಪನಿ ಮುಚ್ಚಿ ನಲವತ್ತು ವರ್ಷವಾಗಿತ್ತು. ಪ್ರೊಪೆಲ್ಲರ್ ತಿರುಗಿಸಿ ತಿರುಗಿಸಿ ಅವನ ತೋರುಬೆರಳು ಊದಿಕೊಂಡಿತು.

"ಹೋಗಿ ಹೇಳಿಬಿಡು," ಎಂದಳು ಐರೀನ್, ಬೆರಳಿಗೆ ಪಟ್ಟಿ ಸುತ್ತುತ್ತ.

"ಏನಂತ ಹೇಳಲಿ?"

"ಪ್ರೀತಿಯಿಂದ ಕೊಂದೆ ಅಂತ."

ಶುಕ್ರವಾರ ಹೋದ. ನೆವಿಲ್ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಆಸ್ಪತ್ರೆಯಿಂದ ಬಂದವನ ಮುಖ ಸ್ವಲ್ಪ ಚಿಕ್ಕದಾದ ಹಾಗೆ ಕಾಣುತ್ತಿತ್ತು. ಬ್ರೆಂಡಾ ಸಡಗರದಿಂದ ಡಬ್ಬಿ ಇಸಿದುಕೊಂಡು, ಗಂಡನ ತೊಡೆಯ ಮೇಲಿಟ್ಟು ಮುಚ್ಚಳ ತೆಗೆದಳು. "ನೋಡು!"

ನೆವಿಲ್ ನೋಡಿದ. ಹೊಳಪನ್ನು ನೋಡಿದ್ದು ಒಂದು ಕ್ಷಣ. ಆಮೇಲೆ ಪ್ರೊಪೆಲ್ಲರಿನ ಮೇಲೆ ಒಂದು ಬೆರಳಿಟ್ಟು ನಿಧಾನ ತಿರುಗಿಸಿದ. ಅದು ಎಲ್ಲಿಯೂ ತಡೆಯದೆ ಪೂರಾ ಒಂದು ಸುತ್ತು ಬಂತು. ಬೆರಳು ಅಲ್ಲೇ ನಿಂತಿತು.

"ಬ್ರೆಂಡಾ, ಚಹಾ ಮಾಡ್ತೀಯಾ?" ಎಂದ.

ಅವಳು ಒಳಗೆ ಹೋದಳು. ಕ್ಲಿಫರ್ಡ್ ನಿಂತೇ ಇದ್ದ.

"ಒಳಗೂ ತೊಳೆದೆ ನೆವಿಲ್. ಪಿಸ್ಟನ್ನೂ. ಇನ್ನು ಅದು ಹೊತ್ಕೊಳ್ಳಲ್ಲ. ನಾನು ಕೆಡಿಸಿಬಿಟ್ಟೆ."

ನೆವಿಲ್ ಬಯ್ಯುತ್ತಾನೆಂದು ಅವನು ಕಾದ. ಐವತ್ತು ವರ್ಷ ಬಯ್ಯಲು ಕಾರಣ ಬೇಕಿಲ್ಲದ ಬಾಯಿ ಅದು. ಇವತ್ತು ಕಾರಣವಿತ್ತು, ಬೈಗುಳ ಬರಲಿಲ್ಲ.

"ಎಪ್ಪತ್ತನಾಲ್ಕರಲ್ಲಿ ಫೈಲಿ ಬೀಚಿನಲ್ಲಿ ಮರಳು ಕುಡೀತು ಇದು," ಎಂದ ನೆವಿಲ್. "ಒಳಗೆಲ್ಲ ತಿಂದುಹೋಯ್ತು. ಎರಡು ಬೇಸಿಗೆ ಬರೀ ಹರಳೆಣ್ಣೆ ಕುಡಿಸಿ ಕುಡಿಸಿ ಎಬ್ಬಿಸ್ದೆ. ನಿಂಗೆ ಹೇಳ್ಲಿಲ್ಲ. ಹೇಳಿದ್ರೆ ನೀನು ನಗ್ತಿದ್ದೆ."

"ನಗ್ತಿದ್ದೆ."

"ಆ ಪಾತ್ರೆ ನೀರು ಚೆಲ್ಲಿಬಿಟ್ಯಾ?"

"ಇಲ್ಲ. ಇದೆ."

"ಇಟ್ಟಿರು. ನನ್ನ ನಲವತ್ತು ವರ್ಷ ಅದರಲ್ಲೇ ಇದೆ," ಎಂದು ನೆವಿಲ್ ಸಣ್ಣಗೆ ನಕ್ಕ. ನಗು ಅರ್ಧಕ್ಕೇ ನಿಂತಿತು. "ಬಿಡು ಹೋಗ್ಲಿ. ಡಾಕ್ಟರಿಗೆ ಖುಷಿಯಾಗುತ್ತೆ. ಭಾನುವಾರ ಬಂದು ಸುಮ್ನೆ ನೋಡ್ತೀನಿ."

"ನನ್ನ ವಾರ್ಲೋ ಇದೆಯಲ್ಲ. ಅದನ್ನ ಕಟ್ಕೋ."

"ನಿನ್ನ ಕಪಾಟಿನ ಬೊಂಬೆ ನನಗ್ಯಾಕೆ? ಹಾರಿಸಿದ್ರೆ ನನ್ನದನ್ನ ಹಾರಿಸ್ತೀನಿ. ಬ್ರೆಂಡಾಗೆ ಏನೂ ಹೇಳ್ಬೇಡ. ಪಾಪ, ಆಸೆಯಿಂದ ಮಾಡಿಸಿದಾಳೆ."

ಅಡುಗೆಮನೆಯಿಂದ ಕಪ್ಪುಗಳ ಸದ್ದು ಬಂತು. ಕ್ಲಿಫರ್ಡ್ ಚಹಾಕ್ಕೆ ನಿಲ್ಲಲಿಲ್ಲ. 'ಇನ್ನೊಂದು ಸಲ ನೋಡ್ತೀನಿ' ಎಂದು ಗೊಣಗಿ, ಎಂಜಿನ್ನನ್ನು ಡಬ್ಬಿಯ ಸಮೇತ ವಾಪಸು ತಂದ. ದಾರಿಯುದ್ದಕ್ಕೂ ಅವನಿಗೆ ಅನ್ನಿಸಿದ್ದು ಒಂದೇ: ನೆವಿಲ್ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಶನಿವಾರ ಬೆಳಿಗ್ಗೆ ಅವನು ಮುಂದಿನ ಕೋಣೆಯ ಗಾಜಿನ ಕಪಾಟು ತೆರೆದು ತನ್ನ ವಾರ್ಲೋ ತೆಗೆದ. ಅದರ ಪಕ್ಕದಲ್ಲಿ ಏಳು ರಿಬ್ಬನ್‌ಗಳಿದ್ದವು. ದೇಶದಲ್ಲಿ ಇಷ್ಟು ಚೆನ್ನಾಗಿ ಉಳಿದ ವಾರ್ಲೋ ಇನ್ನೊಂದಿಲ್ಲ ಎಂದು ಒಬ್ಬ ತೀರ್ಪುಗಾರ ಬರೆದುಕೊಟ್ಟ ಕಾರ್ಡೂ ಇತ್ತು. ಆ ಎಂಜಿನ್ನಿನ ಸ್ಕ್ರೂಗಳಿಗೆ ಕಾರ್ಖಾನೆಯ ಸ್ಕ್ರೂಡ್ರೈವರ್ ಬಿಟ್ಟರೆ ಬೇರೆ ಯಾವುದೂ ಸೋಕಿರಲಿಲ್ಲ. ತೀರ್ಪುಗಾರರು ಭೂತಗನ್ನಡಿ ಹಿಡಿದು ಮೊದಲು ನೋಡುವುದೇ ಅದನ್ನು.

ಐರೀನ್ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳಿಗೆ ಎಂಜಿನ್ನಿನ ಬಗ್ಗೆ ಏನೂ ಗೊತ್ತಿರಲಿಲ್ಲ, ಗಂಡನ ಬಗ್ಗೆ ಎಲ್ಲ ಗೊತ್ತಿತ್ತು. "ಚಹಾ ಶೆಡ್ಡಿಗೇ ತರ್ತೀನಿ," ಎಂದಷ್ಟೇ ಹೇಳಿದಳು.

ಮೊದಲನೆಯ ಸ್ಕ್ರೂ ಬಿಚ್ಚಲು ಅವನಿಗೆ ಕಾಲು ಗಂಟೆ ಹಿಡಿಯಿತು. ಸ್ಕ್ರೂ ಬಿಗಿಯಾಗಿತ್ತೆಂದಲ್ಲ. ಸ್ಕ್ರೂಡ್ರೈವರ್ ಇಟ್ಟು ತೆಗೆದು, ಇಟ್ಟು ತೆಗೆದು ಮಾಡುತ್ತಿದ್ದ. ಆಮೇಲೆ ಒಮ್ಮೆಗೇ ತಿರುಗಿಸಿದ. ಸ್ಕ್ರೂವಿನ ತಲೆಯ ಮೇಲೆ ಕೂದಲೆಳೆಯಷ್ಟು ಗೀರು ಬಿತ್ತು. ಒಳ್ಳೆಯದೇ ಆಯಿತು, ಇನ್ನು ಹೆದರುವುದಕ್ಕೆ ಏನೂ ಉಳಿಯಲಿಲ್ಲ.

ಸಿಲಿಂಡರು ಮತ್ತು ಪಿಸ್ಟನ್ ಒಂದಕ್ಕೊಂದು ಅರೆದು ಹೊಂದಿಸಿದ ಜೋಡಿ. ತೆಗೆದರೆ ಎರಡನ್ನೂ ತೆಗೆಯಬೇಕು. ತನ್ನ ಜೋಡಿಯನ್ನು ತೆಗೆದು ತಲೆಕೆಳಗು ಹಿಡಿದ. ಪಿಸ್ಟನ್ ಅಲ್ಲಾಡಲಿಲ್ಲ. ಅದನ್ನು ನೆವಿಲ್‌ನ ಎಂಜಿನ್ನಿಗೆ ಹಾಕಿ, ನೆವಿಲ್‌ನ ಸವೆದ ಜೋಡಿಯನ್ನು ತನ್ನದಕ್ಕೆ ಹಾಕಿ, ಒರೆಸಿ, ಕಪಾಟಿನಲ್ಲಿಟ್ಟು ಬಾಗಿಲು ಹಾಕಿದ. ಹೊರಗಿನಿಂದ ಯಾವ ವ್ಯತ್ಯಾಸವೂ ಇರಲಿಲ್ಲ. ಕಪಾಟಿನಲ್ಲಿ ಕೂರುವುದಕ್ಕೆ ಉಸಿರು ಬೇಕಾಗಿಲ್ಲ ಎಂದುಕೊಂಡಾಗ ಅವನಿಗೆ ನಗು ಬಂತು, ಹಿಂದೆಯೇ ಎದೆ ಚುರುಕ್ಕೆಂದಿತು.

ಭಾನುವಾರ ಮೈದಾನದಲ್ಲಿ ಗಾಳಿ ಕಡಿಮೆಯಿತ್ತು. ಬೇಲಿಯಾಚೆ ಕುರಿಗಳು ಮೇಯುತ್ತಿದ್ದವು. ಕ್ಲಿಫರ್ಡ್ ಬೆಳಿಗ್ಗೆಯೇ ಬಂದು, ಬ್ರೆಂಡಾಳಿಂದ ಇಸಿದುಕೊಂಡಿದ್ದ ನೆವಿಲ್‌ನ ಹಳೆಯ ಕೆಂಪು ವಿಮಾನಕ್ಕೆ ಎಂಜಿನ್ ಬಿಗಿದು ಕಾಯುತ್ತಿದ್ದ. ನೆವಿಲ್ ಕೋಲೂರಿಕೊಂಡು ಬಂದು ವಿಮಾನದ ಎದುರಿಗೆ ನಿಂತ. ಸುತ್ತ ಸೇರಿದವರೆಲ್ಲ ಹೊಳಪು ನೋಡಿ ಹುಬ್ಬೇರಿಸಿದರು. ಸಂಘದ ಕಾರ್ಯದರ್ಶಿ ಮಾಲ್ಕಂ ಬಾಯಿ ಬಿಟ್ಟೇಬಿಟ್ಟ.

"ಏನ್ ನೆವಿಲ್, ಕೊನೆಗೂ ಸ್ನಾನ ಮಾಡಿಸ್ದ್ಯಾ?"

"ನಾನು ಊರಲ್ಲಿಲ್ಲದಾಗ ಕಳ್ರು ಬಂದು ಮಾಡಿಸಿಹೋದ್ರು," ಎಂದ ನೆವಿಲ್.

"ಹೇಗೋ ಸರಿಹೋಯ್ತು," ಎಂದ ಕ್ಲಿಫರ್ಡ್ ನೆಲ ನೋಡುತ್ತ. "ಹರಳೆಣ್ಣೆ ಜಾಸ್ತಿ ಹಾಕಿದೀನಿ. ತಿರುಗಿಸಿ ನೋಡು."

ನೆವಿಲ್ ಬಗ್ಗಿ ಪ್ರೊಪೆಲ್ಲರಿಗೆ ಬೆರಳಿಟ್ಟ. ಅರ್ಧ ಸುತ್ತಿನಲ್ಲಿ ಅದು ಗಟ್ಟಿಯಾಗಿ ತಡೆಯಿತು. ಅವನು ಬೆರಳು ತೆಗೆಯದೆ ಕತ್ತೆತ್ತಿ ಕ್ಲಿಫರ್ಡನ ಮುಖವನ್ನೇ ನೋಡಿದ. ಕ್ಲಿಫರ್ಡ್ ಬೇಲಿಯಾಚೆಯ ಕುರಿಗಳನ್ನು ಎಣಿಸುತ್ತಿದ್ದ. ನೆವಿಲ್ ಎರಡನೆಯ ಸಲ ಜೋರಾಗಿ ತಿರುಗಿಸಿದ್ದೇ ತಡ, ಎಂಜಿನ್ನು ಒಂದೇ ಏಟಿಗೆ ಹೊತ್ತಿಕೊಂಡು ಕಿರುಚಿತು. ಕುರಿಗಳು ದಿಕ್ಕಾಪಾಲಾದವು.

ಮಾಲ್ಕಂ ವಿಮಾನ ಹಿಡಿದುಕೊಂಡ. ಇಬ್ಬರು ಮುದುಕರೂ ವೃತ್ತದ ನಡುವಿಗೆ ನಡೆದರು. ನೆವಿಲ್ ಹಿಡಿಕೆ ಎತ್ತಿಕೊಂಡ; ಕ್ಲಿಫರ್ಡ್ ಹಿಂದೆ ನಿಂತು ಎರಡೂ ಕೈಯಿಂದ ಅವನ ಬೆಲ್ಟು ಹಿಡಿದ.

"ಬಿಗಿಯಾಗಿ ಹಿಡ್ಕೊಳೋ. ಡ್ಯಾನ್ಸಿಗೆ ಕರೆದಿಲ್ಲ ನಿನ್ನ."

ಮಾಲ್ಕಂ ಬಿಟ್ಟ. ಕೆಂಪು ವಿಮಾನ ಹುಲ್ಲಿನ ಮೇಲೆ ಹತ್ತು ಗಜ ಓಡಿ ಎದ್ದಿತು. ಇಬ್ಬರೂ ಅದರ ಜೊತೆಗೆ ತಿರುಗತೊಡಗಿದರು, ಒಬ್ಬನ ಹೆಜ್ಜೆಯ ಹಿಂದೆ ಇನ್ನೊಬ್ಬನ ಹೆಜ್ಜೆ. ಮೊದಲ ನಿಮಿಷ ನೆವಿಲ್ ನೇರವಾಗಿ ಹಾರಿಸಿದ. ಎರಡನೆಯ ನಿಮಿಷದಲ್ಲಿ ಧೈರ್ಯ ಬಂದು ವಿಮಾನವನ್ನು ತಲೆಯ ಮೇಲಿಂದ ದಾಟಿಸಿ ಒಂದು ದೊಡ್ಡ ಲಾಗ ಹಾಕಿಸಿದ. ಬೇಲಿಯ ಬಳಿ ಚಪ್ಪಾಳೆ ಕೇಳಿಸಿತು. ಕ್ಲಿಫರ್ಡ್ ನೋಡುತ್ತಿದ್ದುದು ನೆವಿಲ್‌ನ ಬೆನ್ನನ್ನು, ಕೇಳುತ್ತಿದ್ದುದು ಎಂಜಿನ್ನನ್ನು. ಎಲ್ಲಿಯೂ ಉಸಿರು ಕಟ್ಟದ, ಒಂದೇ ಎಳೆಯ ಸದ್ದು. ಅದು ತನ್ನದು ಎಂದು ಕೂಗಿ ಹೇಳಬೇಕೆನ್ನಿಸಿತು ಅವನಿಗೆ.

ಮೂರನೆಯ ನಿಮಿಷದಲ್ಲಿ ಬೆಲ್ಟು ಎಡಕ್ಕೆ ಜಗ್ಗಿತು. ನೆವಿಲ್‌ನ ಮೊಣಕಾಲು ಮಡಿಸಿಕೊಳ್ಳುತ್ತಿತ್ತು.

"ಸುತ್ತುತ್ತಿದೆ," ಎಂದ ನೆವಿಲ್. "ಕ್ಲಿಫ್, ತಗೋ."

"ಏನು?"

"ಹಿಡಿಕೆ ತಗೋಳೋ! ಬಿದ್ಹೋಗ್ತೀನಿ!"

ಕ್ಲಿಫರ್ಡ್ ಹಾರಿಸುವುದನ್ನು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಯೋಚಿಸಲು ಹೊತ್ತಿರಲಿಲ್ಲ. ಎಡಗೈಯಲ್ಲಿ ಬೆಲ್ಟು ಹಿಡಿದೇ ಬಲಗೈಯನ್ನು ನೆವಿಲ್‌ನ ಭುಜದ ಮೇಲಿಂದ ಚಾಚಿ, ಅವನ ಬೆರಳುಗಳ ಮೇಲೆ ಬೆರಳಿಟ್ಟು ಹಿಡಿಕೆ ಹಿಡಿದ. ಕೆಳಗಿನ ಬೆರಳುಗಳು ಜಾರಿಕೊಂಡವು. ವಿಮಾನ ಒಮ್ಮೆ ಮುಗ್ಗರಿಸಿ, ಹುಲ್ಲಿನ ಮೇಲಿಂದ ಮೊಳದ ಎತ್ತರದಲ್ಲಿ ಸರ್ರನೆ ಹೋಗಿ, ಮೇಲೆದ್ದಿತು. ನೆವಿಲ್ ನಿಧಾನ ಕುಸಿದು ವೃತ್ತದ ನಟ್ಟನಡುವೆ ಹುಲ್ಲಿನ ಮೇಲೆ ಕೂತ, ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು. ಕ್ಲಿಫರ್ಡ್ ಅವನ ಸುತ್ತ ಸುತ್ತಿದ.

ತಂತಿಯ ತುದಿಯಲ್ಲಿ ಎಂಜಿನ್ನು ಕೈಯನ್ನು ಎಳೆಯುತ್ತಿತ್ತು. ಆ ಎಳೆತ ಮೊಣಕೈಯಿಂದ ಭುಜಕ್ಕೆ, ಭುಜದಿಂದ ಬೆನ್ನಿಗೆ ಇಳಿಯಿತು. ಕಪಾಟಿನ ಗಾಜಿನೊಳಗಿಂದ ಯಾವತ್ತೂ ಹೀಗೆ ಅದು ಅವನನ್ನು ಎಳೆದಿರಲಿಲ್ಲ. ಅವನಿಗೆ ಹೆದರಿಕೆಯಾಯಿತು, ಹೆದರಿಕೆಗಿಂತ ಹೆಚ್ಚು ಖುಷಿಯಾಯಿತು. ಟ್ಯಾಂಕು ಬರಿದಾಗಿ ಎಂಜಿನ್ನು ನಿಂತಾಗ, ಇಷ್ಟು ಬೇಗ ನಾಲ್ಕು ನಿಮಿಷ ಹೇಗೆ ಮುಗಿಯಿತೋ ತಿಳಿಯಲಿಲ್ಲ. ವಿಮಾನ ಅರ್ಧ ಸುತ್ತು ತೇಲಿ, ಹುಲ್ಲು ಮುಟ್ಟಿ, ಮೂಗು ಊರಿ ನಿಂತಿತು.

ನೆವಿಲ್ ಇನ್ನೂ ಕಣ್ಣು ಮುಚ್ಚಿಕೊಂಡೇ ಇದ್ದ. "ಐವತ್ತು ವರ್ಷ ಕಪಾಟಿನಲ್ಲಿ ಕೂರಿಸಿದ್ಯಲ್ಲೋ ಇದನ್ನ," ಎಂದ.

"ಯಾವುದನ್ನ?"

"ನಾಟಕ ಬೇಡ. ಬೆರಳಿಟ್ಟ ಕೂಡಲೇ ಗೊತ್ತಾಯ್ತು. ನಂದು ಮರಳು ತಿನ್ನೋಕೆ ಮುಂಚೆ ಕೂಡ ಇಷ್ಟು ಚೆನ್ನಾಗಿ ಓಡ್ಲಿಲ್ಲ." ಒಂದು ಕಣ್ಣು ತೆರೆದ. "ಅರವತ್ತೊಂಬತ್ತರ ಕಪ್ಪು ನಿಂದಾಗ್ಬೇಕಿತ್ತು ಕಣೋ. ಇದನ್ನ ತಂದಿದ್ರೆ ನನ್ನನ್ನ ಒರೆಸಿಹಾಕ್ತಿದ್ದೆ."

ಕ್ಲಿಫರ್ಡನನ್ನು ಚುಚ್ಚಿದ್ದು ಕಪ್ಪು ಕೈತಪ್ಪಿದ್ದಲ್ಲ. ಕಪ್ಪು ನೆವಿಲ್‌ನ ಮನೆಯ ಮೇಜಿನ ಮೇಲೆ ಚೆನ್ನಾಗಿಯೇ ಇತ್ತು. ಈ ಎಂಜಿನ್ನನ್ನು ಹಾರಿಸದೆ ಕಳೆದ ಐವತ್ತು ವರ್ಷದ ಭಾನುವಾರಗಳು ಎಷ್ಟಾಗುತ್ತವೆ ಎಂದು ಅವನಿಗೆ ಅರ್ಥವಾಗಿತ್ತು.

ಅಷ್ಟರಲ್ಲಿ ಬ್ರೆಂಡಾ ಏದುಸಿರು ಬಿಡುತ್ತ ಓಡಿಬಂದಳು. ಅವಳ ಹಿಂದೆ ಮಾಲ್ಕಂ ವಿಮಾನ ಎತ್ತಿಕೊಂಡು ಬಂದ. ಬ್ರೆಂಡಾ ಗಂಡ ಬದುಕಿರುವುದನ್ನು ಖಚಿತಪಡಿಸಿಕೊಂಡು ಆಮೇಲೆ ಎಂಜಿನ್ನಿನ ಕಡೆ ತಿರುಗಿದಳು. ಸಿಲಿಂಡರಿನ ಸುತ್ತ ಕರಿ ಎಣ್ಣೆ ಚಿಮ್ಮಿ, ಬಿಸಿಗೆ ಸಣ್ಣಗೆ ಹೊಗೆಯಾಡುತ್ತಿತ್ತು.

"ಅಯ್ಯೋ, ಎಷ್ಟು ಚೆನ್ನಾಗಿ ತೊಳೆದಿತ್ತು! ಒಂದೇ ದಿನಕ್ಕೆ ಮತ್ತೆ ಹೊಲಸು ಮಾಡಿದ್ರಲ್ಲ!" ಎಂದು ಚೀಲದಿಂದ ಬಿಳಿ ಬಟ್ಟೆಯೊಂದನ್ನು ತೆಗೆದು ಚಾಚಿದಳು. "ತಗೋ ಕ್ಲಿಫರ್ಡ್, ಒಣಗೋಕೆ ಮುಂಚೆ ಒರೆಸು."

ಕ್ಲಿಫರ್ಡ್ ಬಟ್ಟೆ ತೆಗೆದುಕೊಂಡ. ಕನ್ನಡಕ ತೆಗೆದು, ಅದರ ಮೇಲೆ ಸಿಡಿದಿದ್ದ ಎಣ್ಣೆಯನ್ನು ಒರೆಸಿ, ಮತ್ತೆ ಹಾಕಿಕೊಂಡ. ಬಟ್ಟೆಯನ್ನು ಜೇಬಿಗೆ ತುರುಕಿದ.

"ಮಾಲ್ಕಂ, ಕ್ಯಾನಿನಲ್ಲಿ ಇಂಧನ ಇನ್ನೂ ಎಷ್ಟಿದೆ?" ಎಂದು ಕೇಳಿದ.